ಎಂಡೋಮೆಟ್ರಿಯೋಸಿಸ್‌ಗೆ ಎಂಆರ್‌ಐ: ಮೈಸೂರಿನಲ್ಲಿ ನಾನು ಮಾಡಿಸಿದ ಸ್ಕ್ಯಾನ್ ಸೆಂಟರ್ ಬಗ್ಗೆ

ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಎಂಡೋಮೆಟ್ರಿಯೋಸಿಸ್. ಅದರ ಅನುಮಾನದಿಂದ ಮುಟ್ಟಿನ ನೋವಿಗೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದರೆ, ರೇಟು ವಿಚಾರಿಸುವುದಕ್ಕೂ ಮುಂಚೆ ಒಂದು ಮಾತು ಕೇಳಿ: "ಎಂಡೋಮೆಟ್ರಿಯೋಸಿಸ್‌ಗೆ ಅಂತಲೇ ಬೇರೆ ತಯಾರಿ ಇದೆಯಾ, ಇಲ್ಲ ಎಲ್ಲರಿಗೂ ಮಾಡುವ ಪೆಲ್ವಿಸ್ (ಕಿಬ್ಬೊಟ್ಟೆ) ಸ್ಕ್ಯಾನೇನಾ?" ನಾನು ಹೋದ ಕಡೆ ಫೋನ್ ಎತ್ತಿದ ಹುಡುಗಿ ಇದಕ್ಕೆ ತಡವರಿಸದೆ ಉತ್ತರ ಕೊಟ್ಟಳು. ಅದಕ್ಕೇ ಅಲ್ಲಿಗೆ ಹೋದೆ.

ಮೊದಲು ಒಂದು ಫಾರಂ ಕೊಟ್ಟರು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಹೋದಾಗ ನೋವಾಗುತ್ತದೆಯೇ, ಗಂಡನ ಜೊತೆ ಸೇರಿದಾಗ ಒಳಗೆ ನೋಯುತ್ತದೆಯೇ ಎಂದು ಅದರಲ್ಲಿತ್ತು. ಇಷ್ಟು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿದವರು ಯಾರೂ ಇದನ್ನು ಕೇಳಿರಲಿಲ್ಲ. ಬರೆಯುವಾಗ ನನ್ನ ಕಣ್ಣು ತುಂಬಿತು.

ಬೆಳಿಗ್ಗೆಯಿಂದ ಏನೂ ತಿನ್ನದೆ ಬರಲು ಹೇಳಿದ್ದರು. ಮೂತ್ರಕೋಶ ಪೂರ್ತಿ ತುಂಬಿರಲೂ ಬಾರದು, ಖಾಲಿ ಇರಲೂ ಬಾರದು. ಕರುಳು ಅಲುಗಾಡಿ ಚಿತ್ರ ಮಸುಕಾಗದಿರಲೆಂದು ಬಸ್ಕೋಪಾನ್ ಇಂಜೆಕ್ಷನ್ ಕೊಟ್ಟರು. ಯೋನಿಯೊಳಗೆ ಜೆಲ್ ಹಾಕುವ ಮೊದಲು ಒಪ್ಪಿಗೆ ಕೇಳಿದರು, ಹಾಕಿದ್ದು ಸಿಸ್ಟರೇ. ಬೇಡವೆಂದರೂ ಸ್ಕ್ಯಾನ್ ಆಗುತ್ತದೆ, ಮದುವೆಯಾಗದ ಹುಡುಗಿಯರು ಹೆದರಬೇಕಿಲ್ಲ. ಮೆಷಿನ್ 1.5 ಟೆಸ್ಲಾದ್ದು (ಟೆಸ್ಲಾ ಎಂದರೆ ಅಯಸ್ಕಾಂತದ ಶಕ್ತಿಯ ಅಳತೆ), ಇದಕ್ಕೆ ಅಷ್ಟು ಸಾಕು. ಒಳಗೆ ಸದ್ದು ಜೋರು, ಎಸಿ ಕೊರೆಯುತ್ತದೆ, ಕಂಬಳಿ ಕೇಳಿ ಹೊದ್ದುಕೊಳ್ಳಿ.

ದುಡ್ಡು ಸಾರ್ಥಕವಾಗಿದ್ದು ರಿಪೋರ್ಟಿನಲ್ಲಿ. ಹಿಂದಿನ ಅಲ್ಟ್ರಾಸೌಂಡ್ "ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್" ಎಂದಷ್ಟೇ ಹೇಳಿ ಮುಗಿಸಿತ್ತು. ಇಲ್ಲಿ ರೇಡಿಯಾಲಜಿಸ್ಟ್ ಮೇಡಂ ಪರದೆಯ ಮುಂದೆ ಕೂರಿಸಿಕೊಂಡು ತೋರಿಸಿದರು. ಟಿ1, ಟಿ2 ಎಂದರೆ ಒಂದೇ ಜಾಗವನ್ನು ಮೆಷಿನ್ ಎರಡು ಬಗೆಯಲ್ಲಿ ತೆಗೆಯುವ ಚಿತ್ರಗಳು. ಕೊಬ್ಬಿನ ಬಿಳುಪನ್ನು ಅಡಗಿಸಿ ತೆಗೆದ ಟಿ1 ಚಿತ್ರದಲ್ಲಿ ಆ ಸಿಸ್ಟ್ ಬೆಳ್ಳಗೆ ಹೊಳೆಯುತ್ತಿತ್ತು, ಟಿ2 ಚಿತ್ರದಲ್ಲಿ ಅದೇ ಕಪ್ಪಿಟ್ಟಿತ್ತು: ಒಳಗಿರುವುದು ಹಳೆಯ ರಕ್ತ. ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಒಂದಕ್ಕೊಂದು ಅಂಟಿಕೊಂಡಿದ್ದವು. ಗುದನಾಳದ ಗೋಡೆಯಲ್ಲೊಂದು ಗಂಟು. ಅದರ ಉದ್ದ, ಗುದದ್ವಾರದಿಂದ ಎಷ್ಟು ದೂರ, ಎಲ್ಲ ಬರೆದಿದ್ದರು. ಮೂತ್ರನಾಳಕ್ಕೆ ಅಡ್ಡಿಯಿಲ್ಲ ಎಂಬುದನ್ನೂ ಬಿಟ್ಟಿರಲಿಲ್ಲ. ಇದನ್ನು ನೋಡಿದ ಮೇಲೆಯೇ ನಮ್ಮ ಗೈನಕಾಲಜಿಸ್ಟ್ ಕರುಳಿನ ಸರ್ಜನ್ ಒಬ್ಬರನ್ನೂ ಜೊತೆಗೆ ಸೇರಿಸಿಕೊಂಡು ಆಪರೇಷನ್ ದಿನ ಗೊತ್ತುಮಾಡಿದ್ದು. ಹೊಟ್ಟೆ ತೆರೆದ ಮೇಲೆ ಗಂಟು ಸಿಕ್ಕಿದ್ದರೆ ಇನ್ನೊಮ್ಮೆ ಮಲಗಬೇಕಾಗುತ್ತಿತ್ತೇನೋ.

ಮೇಡಂ ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದರು. ಹೊಟ್ಟೆಯ ಒಳಪೊರೆಯ ಮೇಲೆ ಈ ಕಾಯಿಲೆ ಮಾಡುವ ತೆಳುವಾದ ಕಲೆಗಳು ಎಂಆರ್‌ಐಗೆ ಎಷ್ಟೋ ಸಲ ಕಾಣುವುದೇ ಇಲ್ಲ. ಸ್ಕ್ಯಾನ್ ನಾರ್ಮಲ್ ಬಂದರೂ ಕಾಯಿಲೆ ಇಲ್ಲವೆನ್ನಲಾಗದು ಎಂದು ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿಯಲ್ಲೇ ಇದೆ. ಹಾಗಾಗಿ ನಿಮ್ಮ ರಿಪೋರ್ಟ್ ಚೆನ್ನಾಗಿದ್ದು ನೋವು ಹಾಗೇ ಇದ್ದರೆ, "ಏನೂ ಇಲ್ಲ, ಮನಸ್ಸಿನದು" ಎನ್ನುವವರ ಮಾತಿಗೆ ಸುಮ್ಮನಾಗಬೇಡಿ.

ನನಗೆ ಬಿಲ್ 9,000 ರೂಪಾಯಿ ಆಯಿತು. ಕಾಯುವ ಜಾಗ ಇಕ್ಕಟ್ಟು, ಬಟ್ಟೆ ಬದಲಿಸುವ ಕೋಣೆಯ ಚಿಲಕ ಸರಿಯಿಲ್ಲ. ಹೆಂಗಸರೇ ಹೆಚ್ಚು ಬರುವ ಸ್ಕ್ಯಾನಿಗೆ ಇದನ್ನು ಮೊದಲು ಸರಿಮಾಡಬೇಕು. ಸಿಡಿ ತಾವಾಗಿ ಕೊಡುವುದಿಲ್ಲ, ಕೇಳಿ ಪಡೆಯಿರಿ. ನನ್ನ ಸರ್ಜನ್ ಮೊದಲು ಕೈಚಾಚಿದ್ದು ರಿಪೋರ್ಟಿಗಲ್ಲ, ಅದಕ್ಕೆ.