ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಓದಲು ಹೊರಟವರು ದಯವಿಟ್ಟು ಇದನ್ನು ಓದಿ

ಮಂಗಳೂರಿನಿಂದ ಇಂಗ್ಲೆಂಡಿಗೆ ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್, ಅಂದರೆ ಬಡ ದೇಶಗಳ ಅಭಿವೃದ್ಧಿಯ ಬಗ್ಗೆ ಓದುವ ಎಂಎ ಮಾಡಲು ಹೊರಟಿದ್ದೀರಾ? ಏಜೆಂಟರ ಬಳಿ ಅಡ್ವಾನ್ಸ್ ಕಟ್ಟುವ ಮೊದಲು ಒಂದು ನಿಮಿಷ ನಿಲ್ಲಿ. ನಾನು 2024ರ ಸೆಪ್ಟೆಂಬರಿನಲ್ಲಿ ಹೋದವಳು. ಓದು ಮುಗಿದಿದೆ, ಕೆಲಸ ಸಿಗಲಿಲ್ಲ, ಊರಿಗೆ ಬಂದಿದ್ದೇನೆ. ಸಾಲದ ಕಂತು ಅಪ್ಪ ಕಟ್ಟುತ್ತಿದ್ದಾರೆ.

ಹಂಪನಕಟ್ಟೆಯಿಂದ ಬಲ್ಮಠದವರೆಗೆ ಫಾರಿನ್ ಎಜುಕೇಶನ್ ಬೋರ್ಡುಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ನಾವು ಹೋದ ಕಡೆ ಕೌನ್ಸೆಲಿಂಗ್ ಫ್ರೀ ಎಂದರು. ಆ ಮನುಷ್ಯ ಬ್ರೋಶರ್‌ನಲ್ಲಿದ್ದ ‘ಪ್ಲೇಸ್‌ಮೆಂಟ್’ ಎಂಬ ಪದದ ಸುತ್ತ ಪೆನ್ನಿನಲ್ಲಿ ಗೀಟು ಹಾಕಿ ಅಪ್ಪನ ಮುಂದೆ ಇಟ್ಟ. "ನೋಡಿ ಸರ್, ಮಗಳಿಗೆ ವಿಶ್ವಸಂಸ್ಥೆಯಲ್ಲಿ ಕೆಲಸ ಪಕ್ಕಾ." ಅಪ್ಪ ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಆ ಪ್ಲೇಸ್‌ಮೆಂಟ್ ಅಂದರೆ ಓದು ಮುಗಿದ ಮೇಲಿನ ಕೆಲಸವಲ್ಲ, ಓದಿನ ಜೊತೆಗಿನ ತರಬೇತಿ. ಅದನ್ನೂ ನಾವೇ ಹುಡುಕಿಕೊಳ್ಳಬೇಕು, ಸಂಬಳ ಇಲ್ಲ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೂ ಸಂಬಳ ಇಲ್ಲ. ಪಾಠ ಮಾತ್ರ ಚೆನ್ನಾಗಿತ್ತು, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಈ ಕ್ಷೇತ್ರದ ಎಷ್ಟೋ ಕೆಲಸಗಳು ನಡೆಯುವುದು ಶ್ರೀಮಂತ ದೇಶಗಳು ಕೊಡುವ ನೆರವಿನ ಹಣದಿಂದ. ಓದು ಅರ್ಧದಲ್ಲಿರುವಾಗಲೇ, 2025ರ ಫೆಬ್ರವರಿಯಲ್ಲಿ, ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿತು. ಜುಲೈಗೆ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಹತ್ತಾರು ವರ್ಷ ಫೀಲ್ಡಿನಲ್ಲಿ ದುಡಿದವರೇ ಕೆಲಸ ಕಳೆದುಕೊಂಡು ನಾವು ಅರ್ಜಿ ಹಾಕಿದ ಹುದ್ದೆಗಳಿಗೇ ಅರ್ಜಿ ಹಾಕಿದರು. ಹೊಸಬರನ್ನು ಯಾರು ಕೇಳುತ್ತಾರೆ?

ನೆರವು ಕಡಿತವಾಗಿದ್ದು ಏಜೆಂಟರ ತಪ್ಪಲ್ಲ ನಿಜ. ಕೆಲಸ ಪಕ್ಕಾ ಅಂದದ್ದು ಮಾತ್ರ ಅವರೇ. ನಮ್ಮಿಂದ ಫೀಸ್ ತೆಗೆದುಕೊಳ್ಳದಿದ್ದರೂ ವಿಶ್ವವಿದ್ಯಾಲಯದಿಂದ ಅವರಿಗೆ ಕಮಿಷನ್ ಬರುತ್ತದೆ. ಬ್ರಿಟನ್ ಸರ್ಕಾರ ಕೊಡುವ ಚೆವನಿಂಗ್ ಸ್ಕಾಲರ್‌ಶಿಪ್ ಬಗ್ಗೆ ಅವರು ಬಾಯಿಯೇ ಬಿಡಲಿಲ್ಲ. ಅದಕ್ಕೆ ನಾವೇ ನೇರವಾಗಿ ಅರ್ಜಿ ಹಾಕಬಹುದು. ಎರಡು ವರ್ಷದ ಕೆಲಸದ ಅನುಭವ ಬೇಕು, ಸಿಕ್ಕರೆ ಫೀಸು, ವಿಮಾನ, ಅಲ್ಲಿನ ಖರ್ಚು ಎಲ್ಲ ಸ್ಕಾಲರ್‌ಶಿಪ್‌ನದೇ.

ಹಾಗಾಗಿ ಡಿಗ್ರಿ ಮುಗಿದ ಕೂಡಲೇ ಹೊರಡಬೇಡಿ. ಇಲ್ಲೇ ಮಂಗಳೂರಿನ ರೋಶನಿ ನಿಲಯ ಕಾಲೇಜಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇದೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ಎಂಎ ಇದೆ. ಓದಿ, ಎರಡು ವರ್ಷ ಹಳ್ಳಿಗಳಲ್ಲಿ ಕೆಲಸ ಮಾಡಿ, ಆಮೇಲೆ ನೋಡಿ. ಈಗಾಗಲೇ ಏಜೆಂಟರ ಜೊತೆ ಮಾತಾಡುತ್ತಿದ್ದರೆ, ಪ್ಲೇಸ್‌ಮೆಂಟ್ ಯಾರು ಕೊಡಿಸುತ್ತಾರೆ, ಹೋಗದಿದ್ದರೆ ಡೆಪಾಸಿಟ್ ವಾಪಸ್ ಬರುತ್ತದಾ ಅಂತ ವಿಶ್ವವಿದ್ಯಾಲಯಕ್ಕೇ ಇಮೇಲ್ ಹಾಕಿ ಕೇಳಿ. ಉತ್ತರ ಬರುವವರೆಗೆ ಮನೆಯ ದಾಖಲೆಗಳನ್ನು ಬ್ಯಾಂಕಿಗೆ ಕೊಡಬೇಡಿ.