ಎರಡು ಟಿವಿ ಜೋಡಿಗಳ ಎರಡು ಸಿನಿಮಾ: ಮೊದಲು ಯಾವುದು ನೋಡೋದು?

ಬ್ರಿಟನ್ನಿನ ಟಿವಿ ಹಾಸ್ಯ ಜೋಡಿಗಳ ಸಿನಿಮಾಗಳಲ್ಲಿ ಒಂದನ್ನು ಆರಿಸಬೇಕಾ? ಎರಿಕ್ ಮೋರ್ಕಂಬ್ ಮತ್ತು ಅರ್ನಿ ವೈಸ್ ಅವರ 'ದಟ್ ರಿವಿಯೆರಾ ಟಚ್' (1966), ಕ್ಯಾನನ್ ಮತ್ತು ಬಾಲ್ ಅವರ 'ದಿ ಬಾಯ್ಸ್ ಇನ್ ಬ್ಲೂ' (1982) ಪಕ್ಕಪಕ್ಕ ಇಟ್ಟು ನೋಡೋಣ.

ಎರಡನ್ನೂ ವಿಮರ್ಶಕರು ತಲೆ ಮೇಲೆ ಹೊತ್ತು ಮೆರೆಸಲಿಲ್ಲ. ಆದರೆ ಮೊದಲನೆಯದರ ಬಗ್ಗೆ ಇದ್ದದ್ದು ಬೇಸರ, ಎರಡನೆಯದಕ್ಕೆ ಸಿಕ್ಕಿದ್ದು ಬೈಗುಳ.

ಮೋರ್ಕಂಬ್ ಟಿವಿಯಲ್ಲಿ ಮಾತಿನ ನಡುವೆ ಸಟಕ್ಕನೆ ಕ್ಯಾಮೆರಾ ಕಡೆ ತಿರುಗುತ್ತಿದ್ದರು. ಆ ಒಂದು ನೋಟದಲ್ಲೇ ಮನೆಯಲ್ಲಿ ಕೂತವರೂ ಆಟಕ್ಕೆ ಸೇರಿಬಿಡುತ್ತಿದ್ದರು. ಸ್ಟುಡಿಯೋದಲ್ಲಿ ಜನರ ನಗು ಕೇಳಿ ಮಾತು ಎಷ್ಟು ಎಳೆಯಬೇಕು ಅಂತಲೂ ತಿಳಿಯುತ್ತಿತ್ತು. ಸಿನಿಮಾದಲ್ಲಿ ಎದುರಿಗೆ ಪ್ರೇಕ್ಷಕರೇ ಇಲ್ಲ, ಅಲ್ವಾ? ಜೊತೆಗೆ 'ರಿವಿಯೆರಾ'ದಲ್ಲಿ ಕದ್ದ ಒಡವೆ, ಕಳ್ಳರು, ಓಡಾಟ ಅಂತ ಕಥೆಯ ಹೊರೆ. ಅವರ ಸಿನಿಮಾಗಳ ಮೇಲಿನ ದೊಡ್ಡ ದೂರೇ ಇದು: ಟಿವಿಯ ಆ ಜೋಡಿ ಇಲ್ಲಿ ಪೂರ್ತಿ ಸಿಗುವುದಿಲ್ಲ. ನನಗೂ ಅದು ನಿಜ ಅನಿಸುತ್ತದೆ. ಆದರೂ ಇಬ್ಬರು ಸುಮ್ನೆ ಕಚ್ಚಾಡುವಾಗ ಸೊಗಸಾಗಿದೆ.

'ದಿ ಬಾಯ್ಸ್ ಇನ್ ಬ್ಲೂ' ಹಳ್ಳಿ ಪೊಲೀಸರ ಕಥೆ. ಠಾಣೆ ಮುಚ್ಚದಿರಲಿ ಅಂತ ತಾವೇ ಅಪರಾಧ ಹುಟ್ಟಿಸುತ್ತಾರೆ. ಇದು 1939ರ 'ಆಸ್ಕ್ ಎ ಪೊಲೀಸ್‌ಮನ್' ಚಿತ್ರದ ರೀಮೇಕ್. ಆ ಹಳೆಯದರ ಬರಹಗಾರರಲ್ಲಿ ಒಬ್ಬರಾದ ವ್ಯಾಲ್ ಗೆಸ್ಟ್ ಅವರೇ ಇದರ ನಿರ್ದೇಶಕರು. ಹಾಗಾಗಿ ಹಳೆಯದರ ಜೊತೆ ಹೋಲಿಕೆ ತಪ್ಪಲಿಲ್ಲ, ಸೋಲೂ ತಪ್ಪಲಿಲ್ಲ.

ಮೊದಲು 'ರಿವಿಯೆರಾ' ನೋಡಿ. ಕ್ಯಾನನ್ ಮತ್ತು ಬಾಲ್ ಬಗ್ಗೆ ಕುತೂಹಲವಿದ್ದರೆ ಅವರ ಟಿವಿ ಕಾರ್ಯಕ್ರಮದಿಂದಲೇ ಶುರುಮಾಡಿ.