‘ಸಣ್ಣ ಬೆಳೆಗಾರರ ವೈನ್’ ಎಂದು ಮಾರಲು ಬಂದರೆ ಮೊದಲು ಹಿಂದಿನ ಲೇಬಲ್ ಓದಿ

ಇಂಗ್ಲೆಂಡಿನಲ್ಲಿ ಸಣ್ಣ ರೆಸ್ಟೋರೆಂಟ್, ಕೆಫೆ, ಪಾರ್ಟಿ ಹಾಲ್ ನಡೆಸುತ್ತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವೈನ್ ಖರೀದಿಯಲ್ಲಿ ನಮಗೆ ಮೋಸವಾಗಿದೆ. ವ್ಯಾಜ್ಯ ನಡೆಯುತ್ತಿರುವುದರಿಂದ ಮಾರಿದವರ ಹೆಸರು ಹಾಕುತ್ತಿಲ್ಲ. ಆದರೆ ಮೋಸ ಹೇಗೆ ನಡೆಯಿತು ಎನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಾಳೆ ಬೇರೆ ಯಾರಾದರೂ ಇದೇ ದಾರಿ ಹಿಡಿದು ನಿಮ್ಮ ಬಾಗಿಲಿಗೂ ಬರಬಹುದು.

ನಮ್ಮದು ಲಂಡನ್ನಿನ ಪಶ್ಚಿಮ ಭಾಗದಲ್ಲಿರುವ ಪುಟ್ಟ ಜಾಗ. ಕರಾವಳಿ ಅಡುಗೆ. ನೀರ್ ದೋಸೆ, ಕೋರಿ ಗಸಿ, ರವಾ ಫ್ರೈ. ಈ ಊಟಕ್ಕೆ ಗಟ್ಟಿ ಕೆಂಪು ವೈನ್ ಒಗ್ಗುವುದಿಲ್ಲ. ಅದರ ಒಗರು ಖಾರದ ಜತೆ ಸೇರಿದರೆ ನಾಲಿಗೆ ಇನ್ನಷ್ಟು ಉರಿಯುತ್ತದೆ. ಹುಳಿ ಚುರುಕಾಗಿರುವ ಬಿಳಿ ವೈನ್, ಒಗರು ಕಡಿಮೆಯಿರುವ ತೆಳು ಕೆಂಪು ವೈನ್ ಬೇಕು. ಫ್ರಾನ್ಸಿನ ನಾಂತ್ ನಗರದ ಸುತ್ತ, ಲ್ವಾರ್ ನದಿ ಸಮುದ್ರ ಸೇರುವ ಕಡೆ ಮಾಡುವ ಮಸ್ಕದೆ ಎಂಬ ಬಿಳಿ ವೈನ್ ಮತ್ತು ಲಿಯೋಂ ನಗರದ ಉತ್ತರಕ್ಕಿರುವ ಬೋಜೊಲೆಯಲ್ಲಿ ಗಮೇ ದ್ರಾಕ್ಷಿಯಿಂದ ಮಾಡುವ ಕೆಂಪು ವೈನ್, ಇವೆರಡೂ ನಮ್ಮ ಊಟಕ್ಕೆ ಹೇಳಿ ಮಾಡಿಸಿದ ಹಾಗಿವೆ. ಎರಡೂ ಕಡೆ ಸಣ್ಣ ಕುಟುಂಬಗಳು ತಾವೇ ದ್ರಾಕ್ಷಿ ಬೆಳೆದು ತಾವೇ ವೈನ್ ಮಾಡುತ್ತವೆ. ಬೋರ್ಡೊ, ಬರ್ಗಂಡಿಗಳ ಹೆಸರಾಂತ ಬಾಟಲಿಗಳ ಮುಂದೆ ಬೆಲೆಯೂ ಕೈಗೆಟುಕುವಂತಿದೆ.

ಇಲ್ಲಿ ಬೆಲೆಯ ಲೆಕ್ಕ ಸ್ವಲ್ಪ ಹೇಳಬೇಕು, ಮೋಸ ಇರುವುದೇ ಅದರಲ್ಲಿ. ಬ್ರಿಟನ್ನಿನಲ್ಲಿ ವೈನಿನ ಸುಂಕ ಬಾಟಲಿಯ ಬೆಲೆಯ ಮೇಲಲ್ಲ, ಆಲ್ಕೋಹಾಲ್ ಪ್ರಮಾಣದ ಮೇಲೆ. 2025ರ ಫೆಬ್ರವರಿ 1ರ ದರದಲ್ಲಿ ಶೇ. 12ರ ಒಂದು ಬಾಟಲಿಗೆ ಸುಮಾರು 2.66 ಪೌಂಡ್, ಶೇ. 14.5ರದ್ದಕ್ಕೆ 3.21 ಪೌಂಡ್ ಇತ್ತು. ವ್ಯಾಟ್ ಬೇರೆ. ಆ ದರದಲ್ಲಿ 6 ಪೌಂಡಿನ, ಶೇ. 12ರ ಮಸ್ಕದೆಯಲ್ಲಿ ಸುಂಕ ಕಳೆದರೆ ಉಳಿಯುವುದು 3.34 ಪೌಂಡ್. ಗಾಜು, ಬಿರಡೆ, ಸಾಗಾಣಿಕೆ, ಮಾರಾಟಗಾರನ ಲಾಭ ಎಲ್ಲವೂ ಅದರಲ್ಲೇ ಆಗಬೇಕು. ಒಳಗಿನ ವೈನಿಗೆ ಸಿಗುವುದು ಪುಡಿಗಾಸು. ಅದೇ 9.80 ಪೌಂಡಿನ ಬಾಟಲಿಯಲ್ಲಿ ಸುಂಕ ಅಷ್ಟೇ, ಉಳಿಯುವುದು 7.14. ಹೆಚ್ಚಿಗೆ ಕೊಟ್ಟ ಹಣದ ದೊಡ್ಡ ಪಾಲು ವೈನಿಗೇ ಹೋಗಲು ಸಾಧ್ಯ. ಹಾಗಾಗಿ ನಮ್ಮಂಥವರಿಗೆ ಕೊಟ್ಟ ಕಾಸಿಗೆ ಸರಿಯಾದ ಮಾಲು ಸಿಗುವುದು ಈ ನಡುವಿನ ಬೆಲೆಯಲ್ಲಿ, ಅದೂ ಜಾಹೀರಾತಿಗೆ ದುಡ್ಡು ಸುರಿಯದ ಸಣ್ಣ ಬೆಳೆಗಾರರಲ್ಲಿ. ಈ ಲೆಕ್ಕ ನಮಗೆ ಗೊತ್ತಿರುವಂತೆ ಮಾರಲು ಬರುವವರಿಗೂ ಗೊತ್ತು. ಆರು ಪೌಂಡಿನ ವೈನಿಗೆ ಒಂದು ಕುಟುಂಬದ ಕಥೆ ಅಂಟಿಸಿದರೆ ಹತ್ತು ಪೌಂಡಿಗೆ ಹೋಗುತ್ತದೆ.

ನಮಗೆ ಮಾಡಿದ್ದು ಅದನ್ನೇ. ಮಾರಾಟದ ಪ್ರತಿನಿಧಿ ಸ್ಯಾಂಪಲ್ ಬಾಟಲಿಗಳನ್ನು ತಂದರು. ಅಜ್ಜನ ಕಾಲದ ದ್ರಾಕ್ಷಿ ತೋಟ, ಈಗ ಮಗಳು ನೋಡಿಕೊಳ್ಳುತ್ತಿದ್ದಾಳೆ ಎಂದು ಫೋಟೊ ತೋರಿಸಿದರು. ಮಸ್ಕದೆ ಕುಡಿದು ನೋಡಿದೆವು. ನಿಂಬೆಯ ಹುಳಿ, ಕೊನೆಯಲ್ಲಿ ತುಸು ಉಪ್ಪುಪ್ಪು, ಬಾಯಿ ತೊಳೆದಂತಾಯಿತು. ನಮ್ಮ ಅಡುಗೆಯವರು ಒಂದು ಗುಟುಕು ಕುಡಿದು ಮೀನಿನ ಪ್ಲೇಟ್ ತಾವಾಗಿಯೇ ತಂದಿಟ್ಟರು. ಬೋಜೊಲೆಯೂ ಚೆನ್ನಾಗಿತ್ತು. ಸಲ್ಫರ್ (ವೈನ್ ಕೆಡದಂತೆ ಬೆರೆಸುವ ಗಂಧಕ) ಹಾಕದ ವೈನ್ ಎಂದು ವಿಶೇಷವಾಗಿ ಹೇಳಿದರು. ಮುಂಗಡ ಕೊಟ್ಟರೆ ರಿಯಾಯಿತಿ ಎಂದರು, ಪೂರ್ತಿ ಹಣ ಕಟ್ಟಿ ಆರ್ಡರ್ ಕೊಟ್ಟೆವು.

ಮಾಲು ಬಂದದ್ದು ಜುಲೈ ಬಿಸಿಲಿನಲ್ಲಿ, ಸಾಮಾನ್ಯ ವ್ಯಾನಿನಲ್ಲಿ. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿತ್ತು. ಮಸ್ಕದೆ ತೆರೆದು ಕುಡಿದಾಗ ನೀರು ನೀರು. ಹುಳಿ ಇದೆ, ಹಿಂದೆ ಏನೂ ಇಲ್ಲ. ಸ್ಯಾಂಪಲ್ಲಿನ ಖಾಲಿ ಬಾಟಲಿ ಬಾರ್ ಶೆಲ್ಫಿನಲ್ಲೇ ಇತ್ತು, ಪಕ್ಕಪಕ್ಕ ಇಟ್ಟು ನೋಡಿದೆವು. ಮುಂದಿನ ಲೇಬಲ್ಲಿನಲ್ಲಿ ಅದೇ ಬಣ್ಣ, ಅದೇ ಗೆರೆಚಿತ್ರ, ಹೆಚ್ಚುಕಮ್ಮಿ ಅದೇ ಹೆಸರು. ಆದರೆ ಸ್ಯಾಂಪಲ್ಲಿನಲ್ಲಿ ಹೆಸರಿನ ಹಿಂದೆ ‘ದೊಮೇನ್’ ಎಂದಿತ್ತು, ಬಂದ ಬಾಟಲಿಯಲ್ಲಿ ಆ ಪದವೇ ಇಲ್ಲ. ಈ ಪದವನ್ನು ಸುಮ್ಮನೆ ಹಾಕಿಕೊಳ್ಳಲು ಫ್ರಾನ್ಸಿನಲ್ಲಿ ಬಿಡುವುದಿಲ್ಲ. ದ್ರಾಕ್ಷಿ ಆ ತೋಟದ್ದೇ ಆಗಿರಬೇಕು, ವೈನ್ ಮಾಡಿದ್ದೂ ಅಲ್ಲೇ ಆಗಿರಬೇಕು. ಹಿಂದಿನ ಲೇಬಲ್ಲಿನ ಸಣ್ಣ ಅಕ್ಷರ ನೋಡಿದರೆ, ಸ್ಯಾಂಪಲ್ಲಿನಲ್ಲಿ ‘ಮಿಸ್ ಆಂ ಬುತೇಯ್ ಓ ದೊಮೇನ್’, ಅಂದರೆ ತೋಟದಲ್ಲೇ ಬಾಟಲಿಗೆ ತುಂಬಿದ್ದು. ಬಂದದ್ದರಲ್ಲಿ ‘ಮಿಸ್ ಆಂ ಬುತೇಯ್ ಪಾರ್’ (ಬಾಟಲಿಗೆ ತುಂಬಿದವರು) ಎಂದು ಶುರುವಾಗಿ ಯಾವುದೋ ಕಂಪನಿಯ ಹೆಸರು.

ಬಾಟಲಿಯ ಕತ್ತಿನ ಮೇಲಿನ ಕ್ಯಾಪ್ಸೂಲ್, ಅಂದರೆ ಬಿರಡೆ ಮುಚ್ಚುವ ಹೊದಿಕೆ, ಇನ್ನೂ ಸ್ಪಷ್ಟವಾಗಿ ಹೇಳಿತು. ಹಲವು ಫ್ರೆಂಚ್ ಬಾಟಲಿಗಳ ನೆತ್ತಿಯ ಮೇಲೆ ಮರಿಯಾನ್ ಎಂಬ ಹೆಂಗಸಿನ ತಲೆಯ ಸುಂಕದ ಮುದ್ರೆ ಇರುತ್ತದೆ. ಅದರಲ್ಲಿ ಒಂದು ಸಂಖ್ಯೆ ಜಿಲ್ಲೆಯದು. ನಾಂತ್ ಇರುವ ಜಿಲ್ಲೆಗೆ 44. ಜತೆಗೆ ಒಂದು ಅಕ್ಷರ. ‘ಆರ್’ ಎಂದರೆ ಬೆಳೆಗಾರ, ‘ಎನ್’ ಎಂದರೆ ಬೆಳೆಗಾರರಿಂದ ಕೊಂಡು ಮಾರುವ ವ್ಯಾಪಾರಿ. ಎರಡೂ ಬಾಟಲಿಗಳಲ್ಲಿ 44 ಇತ್ತು. ಸ್ಯಾಂಪಲ್ಲಿನಲ್ಲಿ ಆರ್, ನಮಗೆ ಕಳಿಸಿದ್ದರಲ್ಲಿ ಎನ್. ಅಂದರೆ ಬಂದದ್ದೂ ಮಸ್ಕದೆಯೇ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಕುಟುಂಬದ್ದಲ್ಲ. (ರಫ್ತಿನ ಬಾಟಲಿಗಳಲ್ಲಿ ಈ ಮುದ್ರೆ ಇಲ್ಲದೇ ಇರಬಹುದು, ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ.)

ಬೋಜೊಲೆಯ ಕಥೆ ಬೇರೆ, ನನಗೆ ಹೆಚ್ಚು ನೋವಾದದ್ದು ಅದರಿಂದ. ತೆರೆದ ದಿನ ಚೆನ್ನಾಗಿದ್ದ ವೈನ್ ಮಾರನೇ ದಿನ ಕೆಟ್ಟಿರುತ್ತಿತ್ತು. ಮೂಗಿಗೆ ಏನೂ ಗೊತ್ತಾಗುವುದಿಲ್ಲ. ನುಂಗಿ ಕೆಲವು ಕ್ಷಣ ಕಳೆದ ಮೇಲೆ ಗಂಟಲಿನಿಂದ ಇಲಿ ಓಡಾಡಿದ ಜೋಳದ ಚೀಲದಂಥ ವಾಸನೆ ಮೇಲೇಳುತ್ತದೆ. ವೈನಿನ ಹುಳಿಯಲ್ಲಿ ಈ ವಾಸನೆ ಅಡಗಿರುತ್ತದೆ, ಎಂಜಲು ಬೆರೆತು ಹುಳಿ ತಗ್ಗಿದಾಗ ಹೊರಬರುತ್ತದೆ. ಕೆಲವರಿಗೆ ಇದು ತಿಳಿಯುವುದೇ ಇಲ್ಲ, ಅದಕ್ಕೇ ರುಚಿ ನೋಡುವಾಗ ಒಬ್ಬರೇ ಇರಬಾರದು. ಒಂದು ಹನಿ ಅಂಗೈ ಮೇಲೆ ಉಜ್ಜಿ ಮೂಸಿದರೂ ಸಿಗುತ್ತದೆ. ಸಲ್ಫರ್ ಇಲ್ಲದ ವೈನಿನಲ್ಲಿ ಈ ಕಾಟ ಹೆಚ್ಚು. ಸಲ್ಫರ್ ಇಲ್ಲದೆ ಸೊಗಸಾದ ವೈನ್ ಮಾಡುವವರು ಖಂಡಿತ ಇದ್ದಾರೆ, ಆದರೆ ಅಂಥ ವೈನನ್ನು ದಾರಿಯುದ್ದಕ್ಕೂ ತಣ್ಣಗೆ ತರಬೇಕು. ಬಿಸಿ ವ್ಯಾನಿನಲ್ಲಿ ತಂದುಹಾಕುವವರಿಗೆ ಅದನ್ನು ಮಾರುವ ಹಕ್ಕಿಲ್ಲ.

ಗ್ಲಾಸ್ ಲೆಕ್ಕದಲ್ಲಿ ಮಾರುವ ಜಾಗದಲ್ಲಿ ಇದು ನೇರ ನಷ್ಟ. ಇಲ್ಲಿ ಗ್ಲಾಸ್ ಎಂದರೆ 125 ಅಥವಾ 175 ಮಿಲಿಲೀಟರ್. ಒಂದು ಬಾಟಲಿಗೆ ಚಿಕ್ಕದಾದರೆ ಆರು, ದೊಡ್ಡದಾದರೆ ನಾಲ್ಕು. ವಾರದ ಮಧ್ಯೆ ಮಂಗಳವಾರ ತೆರೆದ ಬಾಟಲಿ ಗುರುವಾರದವರೆಗೂ ಇರುತ್ತದೆ. ಒಂದು ರಾತ್ರಿ ತಾಳದ ವೈನನ್ನು ಗ್ಲಾಸ್ ಪಟ್ಟಿಯಲ್ಲಿ ಹಾಕಲು ಆಗುವುದೇ ಇಲ್ಲ. ಹಾಗಾಗಿ ಸ್ಯಾಂಪಲ್ ಬಾಟಲಿಯನ್ನು ಬಿಟ್ಟು ಹೋಗಲು ಹೇಳಿ. ಅರ್ಧ ಕುಡಿದು ಬಿರಡೆ ಹಾಕಿ ಇಡಿ, ಮಾರನೇ ದಿನ ನಿಮ್ಮ ಊಟದ ಜತೆಗೇ ಮತ್ತೆ ಕುಡಿಯಿರಿ. ಬಿಡಲು ಒಪ್ಪದವರ ವೈನ್ ಬೇಡ.

ಆ ಮಸ್ಕದೆ ಕುಟುಂಬದ ವಿಳಾಸ ಸ್ಯಾಂಪಲ್ ಬಾಟಲಿಯ ಮೇಲೇ ಇತ್ತು. ಅವರಿಗೇ ಇಮೇಲ್ ಬರೆದೆವು. ಆ ಮಾರಾಟಗಾರರು ಹಿಂದೆ ಒಮ್ಮೆ ಸ್ವಲ್ಪ ಮಾಲು ತೆಗೆದುಕೊಂಡಿದ್ದರಂತೆ, ಆಮೇಲೆ ಒಂದು ಬಾಟಲಿಯನ್ನೂ ಕೊಂಡಿಲ್ಲವಂತೆ. ತಮ್ಮ ಫೋಟೊ ಇನ್ನೂ ತೋರಿಸಿಕೊಂಡು ತಿರುಗುತ್ತಿದ್ದಾರೆಂದು ತಿಳಿದು ತೋಟ ನೋಡಿಕೊಳ್ಳುವ ಆ ಮಗಳಿಗೆ ನಮಗಿಂತ ಹೆಚ್ಚು ಬೇಸರವಾಯಿತು. ನ್ಯಾಯವಾಗಿಯೇ. ವರ್ಷವಿಡೀ ಬಳ್ಳಿ ಕತ್ತರಿಸಿ, ವಸಂತದ ಹಿಮಕ್ಕೆ ಹೆದರಿ ಬೆಳೆ ತೆಗೆಯುವವರು ಅವರು. ಆ ದುಡಿಮೆಯ ಹೆಸರಿನಲ್ಲಿ ಕಾಸು ಮಾಡಿಕೊಳ್ಳುವವರು ಇನ್ಯಾರೋ. ವ್ಯಾಪಾರಿಗಳು ತುಂಬಿದ ವೈನೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಬೋಜೊಲೆಯಲ್ಲಿ ಒಳ್ಳೆಯ ವ್ಯಾಪಾರಿ ಮನೆತನಗಳಿವೆ. ಅವರು ತಮ್ಮ ಹೆಸರಿನಲ್ಲಿ, ತಮ್ಮ ಬೆಲೆಗೆ ಮಾರುತ್ತಾರೆ.

ಬೇರೆ ದೇಶದ ವೈನಿಗೂ ಇಂಥ ಗುರುತುಗಳಿವೆ. ಜರ್ಮನಿಯದ್ದರಲ್ಲಿ ‘ಗುಟ್ಸ್‌ಅಬ್‌ಫ್ಯೂಲುಂಗ್’ ಎಂದಿದ್ದರೆ ಸ್ವಂತ ದ್ರಾಕ್ಷಿ, ಸ್ವಂತ ಬಾಟಲಿ. ‘ಎರ್‌ಟ್ಸೊಯ್ಗರ್‌ಅಬ್‌ಫ್ಯೂಲುಂಗ್’ ಎಂದಿದ್ದರೆ ಸಹಕಾರ ಸಂಘದ್ದೂ ಇರಬಹುದು. ಶಾಂಪೇನಿನಲ್ಲಿ ಸಣ್ಣದಾಗಿ ಎರಡಕ್ಷರ ಇರುತ್ತದೆ: ‘ಆರ್‌ಎಂ’ ಬೆಳೆಗಾರ, ‘ಎನ್‌ಎಂ’ ವ್ಯಾಪಾರಿ, ‘ಎಂಎ’ ಎಂದರೆ ಕೊಳ್ಳುವವನು ತನ್ನ ಹೆಸರು ಹಾಕಿಸಿಕೊಂಡದ್ದು. ಪ್ರತಿ ಬಾಟಲಿಗೂ ಲಾಟ್ ನಂಬರ್ (ಒಟ್ಟಿಗೆ ತುಂಬಿದ ಬಾಟಲಿಗಳ ಗುರುತು) ಇರುತ್ತದೆ. ಸ್ಯಾಂಪಲ್ಲಿನ ಲಾಟ್ ನಂಬರನ್ನು ಆರ್ಡರಿನಲ್ಲೇ ಬರೆಯಿರಿ, ಲೇಬಲ್ಲಿನ ಎರಡೂ ಬದಿಯ ಫೋಟೊ ಲಗತ್ತಿಸಿ. ಮಾರಾಟಗಾರರ ನೋಂದಣಿಯನ್ನೂ ನೋಡಿ. 2017ರ ಏಪ್ರಿಲ್ 1ರಿಂದ ಇಲ್ಲಿ ತೆರಿಗೆ ಇಲಾಖೆಯ ಒಪ್ಪಿಗೆ ಪಡೆದ ಹೋಲ್‌ಸೇಲ್‌ನವರಿಂದಲೇ ನಾವು ಮದ್ಯ ಕೊಳ್ಳಬೇಕು, ಅವರ ನೋಂದಣಿ ಸಂಖ್ಯೆ ಇನ್‌ವಾಯ್ಸಿನಲ್ಲಿ ಇರಬೇಕು.

ಮಾಲು ಬದಲಾಗಿದೆ ಎಂದು ತಿಳಿದ ದಿನವೇ ಬರಹದಲ್ಲಿ ತಿಳಿಸಿ, ಉಳಿದ ಪೆಟ್ಟಿಗೆ ತೆರೆಯಬೇಡಿ. ‘ವ್ಯಾಪಾರಸ್ಥರಿಗೆ ಗ್ರಾಹಕ ಕಾನೂನು ಅನ್ವಯವಾಗುವುದಿಲ್ಲ’ ಎಂದು ಮಾರಿದವರು ನಮ್ಮ ಬಾಯಿ ಮುಚ್ಚಿಸಲು ನೋಡಿದರು. ಆ ಮಾತು ನಿಜವೇ. ಆದರೆ 1979ರ ಸರಕು ಮಾರಾಟ ಕಾಯ್ದೆ ನಮಗೂ ಇದೆ. ಅದರ 13ನೇ ಸೆಕ್ಷನ್ ಪ್ರಕಾರ ಮಾಲು ವಿವರಣೆಗೆ ಸರಿಹೊಂದಬೇಕು, 15ನೇ ಸೆಕ್ಷನ್ ಪ್ರಕಾರ ಸ್ಯಾಂಪಲ್ ತೋರಿಸಿ ಮಾರಿದರೆ ಮಾಲಿನ ಗುಣಮಟ್ಟ ಸ್ಯಾಂಪಲ್ಲಿನಂತೆಯೇ ಇರಬೇಕು. ತಡಮಾಡಿದರೆ ವಾಪಸು ಮಾಡುವ ಹಕ್ಕು ಕೈತಪ್ಪುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಹೋಟೆಲ್ ನಡೆಸುವ ಗೆಳೆಯರಿಗೂ ಇದು ಅನ್ವಯಿಸುತ್ತದೆ. ಭಾರತದ 1930ರ ಸರಕು ಮಾರಾಟ ಕಾಯ್ದೆಯ 15 ಮತ್ತು 17ನೇ ಸೆಕ್ಷನ್ ಹೇಳುವುದೂ ಇದನ್ನೇ.

ಅವರು ಮೊದಲು ಕ್ರೆಡಿಟ್ ನೋಟ್ ಕೊಡುತ್ತೇವೆ ಎಂದರು. ಅಂದರೆ ಅದೇ ಹಣಕ್ಕೆ ಮತ್ತೆ ಅವರ ವೈನನ್ನೇ ಕೊಳ್ಳಬೇಕು. ನಾವು ಒಪ್ಪಲಿಲ್ಲ, ನೀವೂ ಒಪ್ಪಬೇಡಿ. ಎರಡೂ ಬಾಟಲಿಗಳ ಫೋಟೊ, ಬೆಳೆಗಾರರ ಇಮೇಲ್ ಮುಂದಿಟ್ಟ ಮೇಲೆ ಮಸ್ಕದೆಯ ಹಣ ವಾಪಸು ಬಂತು. ಬೋಜೊಲೆಯದ್ದು ಬಂದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡಿನವರೆಗಿನ ಹಣದ ದಾವೆಗಳು ಸಾಮಾನ್ಯವಾಗಿ ಸ್ಮಾಲ್ ಕ್ಲೇಮ್ಸ್‌ಗೆ ಹೋಗುತ್ತವೆ, ವಕೀಲರಿಲ್ಲದೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಹಾಕಿದ್ದೇವೆ. ಇದೇ ತರಹ ಯಾರಿಗಾದರೂ ಆಗಿದ್ದರೆ ಬಾಟಲಿ ಬಿಸಾಡಬೇಡಿ, ಕ್ಯಾಪ್ಸೂಲ್ ಕತ್ತರಿಸಿದ ತುಂಡನ್ನೂ ಎತ್ತಿಡಿ. ಅರ್ಜಿ ಬರೆಯುವುದಕ್ಕೆ ನನ್ನಿಂದಾದ ಸಹಾಯ ಮಾಡುತ್ತೇನೆ.